ಅಪರಿಚಿತರ ಭಾವಚಿತ್ರಗಳೂ ನಮ್ಮ ಊಹೆಗಳೂ

1979ರ ಮೇ ತಿಂಗಳು. ಮಳೆಗಾಲಕ್ಕೆ ಮುಂಚೆ ದೊಡ್ಡಮ್ಮನ ಮನೆಗೆ ಸುಣ್ಣ ಬಳಿಯುವ ಕೆಲಸ ನಡೆದಿತ್ತು. ಗೋಡೆಯ ಮೇಲಿದ್ದುದನ್ನೆಲ್ಲ ಕೆಳಗಿಳಿಸುವ ಕೆಲಸ ಹದಿಮೂರು ವರ್ಷದ ನನ್ನ ಪಾಲಿಗೆ ಬಂದಿತ್ತು. ಚಾವಡಿಯಲ್ಲಿ ತೂಗುಹಾಕಿದ್ದ ಕಅಬಾದ ದೊಡ್ಡ ಚಿತ್ರವನ್ನು ಇಳಿಸುವಾಗ ಕೈ ಜಾರಿತು. ಗಾಜು ಒಡೆದು ಚೌಕಟ್ಟಿನ ಒಂದು ಮೂಲೆ ಬಿಚ್ಚಿಕೊಂಡಿತು. ಕಅಬಾದ ಚಿತ್ರಕ್ಕೂ ಹಿಂದಿನ ರಟ್ಟಿಗೂ ನಡುವೆ ಇನ್ನೊಂದು ಚಿತ್ರವಿತ್ತು. ಕುರ್ಚಿಯಲ್ಲಿ ಕುಳಿತ ಒಬ್ಬ ತರುಣಿ, ಪಕ್ಕದಲ್ಲಿ ಸ್ಟೂಲಿನ ಮೇಲೆ ನಿಂತ ಮೂರು ವರ್ಷದ ಒಂದು ಹೆಣ್ಣು ಮಗು, ಅವರ ಬೆನ್ನ ಹಿಂದೆ ಪರದೆಯ ಮೇಲೆ ಬಿಡಿಸಿದ ಕಂಬ ಮತ್ತು ಹೂದೋಟ. ಹಿಂಬದಿಯಲ್ಲಿ ಬೊಂಬಾಯಿಯ ಯಾವುದೋ ಸ್ಟುಡಿಯೋದ ಅರ್ಧ ಅಳಿಸಿಹೋದ ಮುದ್ರೆ. ಹೆಸರಿಲ್ಲ, ತಾರೀಕಿಲ್ಲ.

ದೊಡ್ಡಪ್ಪ ಬೊಂಬಾಯಿಯ ಹೋಟೆಲೊಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಅವರು ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು. ದೊಡ್ಡಮ್ಮ ಆ ಹೊತ್ತು ಮನೆಯಲ್ಲಿರಲಿಲ್ಲ. ನನ್ನ ತಾಯಿ ಮತ್ತು ಚಿಕ್ಕಮ್ಮ ಆ ಫೋಟೋವನ್ನು ಕೈಯಿಂದ ಕೈಗೆ ದಾಟಿಸುತ್ತ ಮಾತಿಲ್ಲದೆ ನೋಡಿದರು. ಮಾತನ್ನು ಆರಂಭಿಸಿದವನು ನಾನು. “ಈ ಮಗುವಿನ ಮೂಗು ನಮ್ಮವರ ಮೂಗಿನ ಹಾಗೇ ಇದೆಯಲ್ಲ!” ಎಂದೆ. ಒಂದು ಜಾಣ ಮಾತನ್ನು ಆಡಿದೆನೆಂಬ ಹೆಮ್ಮೆಯೂ ನನಗಾಗಿತ್ತೆಂದು ತೋರುತ್ತದೆ. ತಾಯಿಯ ಮುಖ ಬಾಡಿತು. “ಬಾಯಿ ಮುಚ್ಚು” ಎಂದು ಗದರಿ ಅವರು ಆ ಚಿತ್ರವನ್ನು ಸೆರಗಿನೊಳಗೆ ಸೇರಿಸಿದರು. ಮರುದಿನ ಹೊಸ ಗಾಜು ಬಂತು, ಕಅಬಾ ಗೋಡೆಗೇರಿತು. ಫೋಟೋ ಮಾತ್ರ ನಮ್ಮ ಮನೆಯ ಪೆಟ್ಟಿಗೆಯ ತಳ ಸೇರಿತು. ವಿಧವೆಯಾದ ಹೆಣ್ಣಿನ ಮನಸ್ಸನ್ನು ಇನ್ನಷ್ಟು ನೋಯಿಸಬಾರದೆಂಬುದು ನಮ್ಮವರ ಉದ್ದೇಶವಾಗಿತ್ತು. ಅದು ಒಳ್ಳೆಯ ಉದ್ದೇಶವೇ.

ಆದರೆ ಊಹೆಗೆ ಕಾಲು ಬರಲು ಹೆಚ್ಚು ದಿನ ಬೇಕಾಗಲಿಲ್ಲ. “ಬೊಂಬಾಯಿಯಲ್ಲಿ ಇದ್ದವರ ಒಳಗುಟ್ಟು ಯಾರಿಗೆ ಗೊತ್ತು” ಎಂಬ ಮಾತು ಮೊದಲು ನಮ್ಮ ಅಡುಗೆ ಮನೆಯಲ್ಲಿ, ಆಮೇಲೆ ಮದುವೆ ಮನೆಗಳ ಹೆಂಗಸರ ಕೋಣೆಯಲ್ಲಿ ಕೇಳಿಬಂತು. ಎರಡು ವರ್ಷ ಕಳೆಯುವಷ್ಟರಲ್ಲಿ ಆ ಹೆಂಗಸಿಗೆ ಒಂದು ಊರು, ಆ ಮಗುವಿಗೆ ಒಬ್ಬ ತಮ್ಮ ಕೂಡ ಹುಟ್ಟಿಕೊಂಡಿದ್ದರು. ದೊಡ್ಡಮ್ಮನ ಒಬ್ಬಳೇ ಮಗಳಿಗೆ ಬಂದ ಒಂದು ಸಂಬಂಧ ಮಾತುಕತೆಯ ಕೊನೆಯ ಹಂತದಲ್ಲಿ ಮುರಿದು ಬಿತ್ತು. ಹುಡುಗನ ಕಡೆಯವರು ಕಾರಣ ಹೇಳಲಿಲ್ಲ. ಈ ಸುದ್ದಿ ಅವರ ಕಿವಿಗೆ ಬಿದ್ದಿರಬಹುದೆಂದು ನನಗೆ ಇಂದಿಗೂ ಅನಿಸುತ್ತದೆ. ಆದರೆ ಅದೂ ಒಂದು ಊಹೆಯೇ.

ಹಳೆಯ ಭಾವಚಿತ್ರವೊಂದನ್ನು ಕೈಯಲ್ಲಿ ಹಿಡಿದು “ಇವರು ಯಾರಿರಬಹುದು?” ಎಂದು ಕೇಳದ ಮನುಷ್ಯನಿಲ್ಲ. ಮದುವೆಯ ಆಲ್ಬಮ್ಮುಗಳಲ್ಲಿ ಮೂಲೆಯಲ್ಲಿ ನಿಂತ, ಯಾರಿಗೂ ಗುರುತು ಸಿಗದ ಒಬ್ಬರು ಇದ್ದೇ ಇರುತ್ತಾರೆ. ಪಟ್ಟಣಗಳಲ್ಲಿ ಹಳೆಯ ಸ್ಟುಡಿಯೋಗಳು ಮುಚ್ಚಿದಾಗ ಅಲ್ಲಿಯ ಚಿತ್ರಗಳು ರದ್ದಿಯ ಅಂಗಡಿಗೆ ಹೋಗುತ್ತವೆ. ಬೊಂಬಾಯಿಯ ಚೋರ್ ಬಜಾರ್‌ನಲ್ಲಿ ಹಳೆಯ ಚೌಕಟ್ಟು, ಗಡಿಯಾರ, ಗ್ರಾಮಫೋನುಗಳ ಜೊತೆ ಯಾರದೋ ಅಜ್ಜ ಅಜ್ಜಿಯರ ಚಿತ್ರಗಳೂ ಮಾರಾಟಕ್ಕೆ ಬರುತ್ತವೆ. ಯುರೋಪು ಮತ್ತು ಅಮೆರಿಕದಲ್ಲಿ ಇಂಥ ಅನಾಮಧೇಯ ಚಿತ್ರಗಳನ್ನು ಕೊಂಡು ಸಂಗ್ರಹಿಸುವುದು ಒಂದು ಹವ್ಯಾಸವೇ ಆಗಿದೆ. ಜನ ಅವುಗಳನ್ನು ಮುಂದಿಟ್ಟುಕೊಂಡು ಇವಳು ಮದುವೆಯಾಗದೆ ಉಳಿದವಳು, ಇವನು ಯುದ್ಧದಿಂದ ಮರಳದವನು ಎಂದು ಕಥೆ ಹೆಣೆಯುತ್ತಾರೆ. ಇದರಲ್ಲಿ ಯಾರಿಗೆ ಏನು ನಷ್ಟ? ಸತ್ತವರಿಗೆ ಕೇಳಿಸುವುದಿಲ್ಲ, ಬದುಕಿರುವವರಿಗೆ ಪರಿಚಯವಿಲ್ಲ. ಇಷ್ಟು ನಿರಪಾಯವಾದ ಒಂದು ವಿನೋದದಲ್ಲಿ ನೈತಿಕ ಪ್ರಶ್ನೆಯೊಂದನ್ನು ಹುಡುಕುವುದು ಅತಿಯಾಯಿತೆಂದು ಓದುಗರಿಗೆ ಅನಿಸಬಹುದು. ನನಗೂ ಬಹಳ ಕಾಲ ಹಾಗೆಯೇ ಅನಿಸಿತ್ತು. (ಚಿತ್ರ ತೆಗೆಯುವುದರ, ಗೋಡೆಗೆ ತೂಗುವುದರ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಅದು ಬೇರೆಯೇ ಚರ್ಚೆ. ಪಾಸ್‌ಪೋರ್ಟಿನ ಕಾಲದಲ್ಲಿ ಭಾವಚಿತ್ರವಿಲ್ಲದ ಮನೆಯಂತೂ ಉಳಿದಿಲ್ಲ.)

ಮೊದಲು, ಭಾವಚಿತ್ರ ನಮಗೆ ಹೇಳುವುದಾದರೂ ಏನು? ಹತ್ತೊಂಬತ್ತನೆಯ ಶತಮಾನದ ಚಿತ್ರಗಳನ್ನು ನೋಡಿದವರು ಆ ಕಾಲದ ಜನರು ನಗುವನ್ನೇ ಅರಿಯದ ಕಠೋರರಾಗಿದ್ದರೆಂದು ಭಾವಿಸುವುದುಂಟು. 1839ರಲ್ಲಿ ಛಾಯಾಚಿತ್ರ ಕಲೆ ಜಗತ್ತಿಗೆ ಪರಿಚಯವಾದ ಆರಂಭದ ದಿನಗಳಲ್ಲಿ ಒಂದು ಚಿತ್ರ ಮೂಡಲು ನಿಮಿಷಗಳೇ ಬೇಕಾಗುತ್ತಿದ್ದವು. ಮುಂದಿನ ಕೆಲವು ದಶಕಗಳಲ್ಲಿಯೂ ಹಲವು ಸೆಕೆಂಡುಗಳ ಕಾಲ ಅಲುಗಾಡದೆ ಕೂರಬೇಕಿತ್ತು. ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಆಧಾರವನ್ನು ಇಡುತ್ತಿದ್ದರು. ಅಷ್ಟು ಹೊತ್ತು ನಗುವನ್ನು ಮುಖದಲ್ಲಿ ನಿಲ್ಲಿಸಲು ಯಾರಿಂದ ಸಾಧ್ಯ? ನಾವು ಸ್ವಭಾವವೆಂದು ಓದುವುದು ಎಷ್ಟೋ ಸಲ ಯಂತ್ರದ ನಿಧಾನಗತಿಯನ್ನು. ನಮ್ಮ ಊರಿನ ಸ್ಟುಡಿಯೋಗಳಲ್ಲಿ ಗೋಡೆಗೆ ನೇತುಹಾಕಿದ್ದ ಒಂದೇ ಕೋಟನ್ನು ಹತ್ತಾರು ಮದುಮಕ್ಕಳು ತೊಟ್ಟಿದ್ದಾರೆ. ಮೇಜಿನ ಮೇಲಿನ ಟೆಲಿಫೋನಿಗೆ ತಂತಿಯೇ ಇರಲಿಲ್ಲ. ಕೋಟನ್ನು ನೋಡಿ ಸಿರಿವಂತಿಕೆಯನ್ನೂ, ಟೆಲಿಫೋನನ್ನು ನೋಡಿ ಉದ್ಯೋಗವನ್ನೂ ಊಹಿಸುವವರು ಸ್ಟುಡಿಯೋದ ಸಾಮಾನುಗಳ ಚರಿತ್ರೆಯನ್ನಷ್ಟೇ ಬರೆಯಬಲ್ಲರು.

ನನ್ನ ಅಜ್ಜಿಯ ಒಂದೇ ಒಂದು ಭಾವಚಿತ್ರವಿದೆ. ಹಜ್ಜ್‌ನ ಕಾಗದಪತ್ರಕ್ಕಾಗಿ ತೆಗೆಸಿದ್ದು. ಅದರಲ್ಲಿ ಅವರ ಕಣ್ಣುಗಳಲ್ಲಿ ಗಾಬರಿಯಿದೆ. ಕ್ಯಾಮರಾಕ್ಕೆ ಹೆದರಿದ್ದರೆಂದು ನಾವು ಮಕ್ಕಳು ನಗುತ್ತಿದ್ದೆವು. ಆ ದಿನ ಅವರು ಜ್ವರದಿಂದ ನರಳುತ್ತಿದ್ದ ಕಿರಿಯ ಮಗಳನ್ನು ನೆರೆಮನೆಯಲ್ಲಿ ಬಿಟ್ಟು ಬಸ್ಸು ಹಿಡಿದು ಬಂದಿದ್ದರೆಂದು ತಂದೆ ಆಮೇಲೆ ಹೇಳಿದರು. ಆ ಕಿರಿಯ ಮಗಳೇ ಮೇಲೆ ಹೇಳಿದ ಚೌಕಟ್ಟು ಬಿಚ್ಚಿದ ದಿನ ನಮ್ಮ ಜೊತೆಗಿದ್ದ ಚಿಕ್ಕಮ್ಮ.

ಇದು ಮನೆಯೊಳಗಿನ ಮಾತು. ಒಂದು ಆಡಳಿತವೇ ಕುಳಿತು ಅಪರಿಚಿತರ ಮುಖಗಳಿಗೆ ಕಥೆ ಬರೆದ ಉದಾಹರಣೆ ನಮ್ಮ ದೇಶದ ಇತಿಹಾಸದಲ್ಲಿಯೇ ಇದೆ. 1868ರಿಂದ 1875ರ ನಡುವೆ ಲಂಡನ್ನಿನಲ್ಲಿ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟಗಳ ಗ್ರಂಥ ಪ್ರಕಟವಾಯಿತು. ಜಾನ್ ಫೋರ್ಬ್ಸ್ ವಾಟ್ಸನ್ ಮತ್ತು ಜಾನ್ ವಿಲಿಯಂ ಕೇ ಎಂಬವರು ಅದರ ಸಂಪಾದಕರು. ಭಾರತದ ನಾನಾ ಜಾತಿ, ಪಂಗಡ, ಬುಡಕಟ್ಟುಗಳಿಗೆ ಸೇರಿದವರ ನಾನೂರಕ್ಕೂ ಹೆಚ್ಚು ಚಿತ್ರಗಳು ಅದರಲ್ಲಿದ್ದವು. ಪ್ರತಿಯೊಂದರ ಜೊತೆಗೂ ಒಂದು ವಿವರಣೆ. 1857ರ ಬಂಡಾಯದಿಂದ ಬೆಚ್ಚಿಬಿದ್ದಿದ್ದ ಆಡಳಿತಕ್ಕೆ ತಾನು ಆಳುವ ಜನ ಎಂಥವರೆಂದು ತಿಳಿಯಬೇಕಿತ್ತು. ಹಾಗಾಗಿ ಮುಖವನ್ನು ನೋಡಿ ಗುಣವನ್ನು ಬರೆಯಲಾಯಿತು. ಇವರು ನಂಬಿಗಸ್ತರು, ಇವರು ಕಳ್ಳರು, ಇವರು ಸೋಮಾರಿಗಳು! ಸಯ್ಯಿದ್ ಮನೆತನದ ಒಬ್ಬ ಮುಸ್ಲಿಮರ ಚಿತ್ರದ ಜೊತೆಗಿನ ಬರಹವು, ಅವರ ವರ್ಗದ ಹಠಮಾರಿತನ, ಭೋಗಾಸಕ್ತಿ, ಅಜ್ಞಾನ ಮತ್ತು ಮತಾಂಧತೆಗೆ ಆ ಮುಖವೇ ಮಾದರಿ ಎಂಬ ಅರ್ಥದಲ್ಲಿತ್ತು. ಅದಕ್ಕಿಂತ ಅಸಹ್ಯವಾದ ಮುಖವನ್ನು ಕಲ್ಪಿಸುವುದೇ ಕಷ್ಟವೆಂಬ ಧಾಟಿಯೂ ಅದರಲ್ಲಿತ್ತು. ಆ ಮನುಷ್ಯ ಯಾರ ಮಗ, ಯಾರ ತಂದೆ, ಎಷ್ಟು ಮಂದಿಗೆ ಅನ್ನ ಹಾಕಿದವರು, ರಾತ್ರಿಯ ಯಾವ ಜಾವದಲ್ಲಿ ಎದ್ದು ಯಾರಿಗಾಗಿ ಕಣ್ಣೀರು ಸುರಿಸಿದವರು? ಕ್ಯಾಮರಾ ಅದನ್ನು ಕೇಳಲಿಲ್ಲ, ವಿವರಣೆ ಬರೆದವರಿಗೆ ಅದು ಬೇಕಾಗಿಯೂ ಇರಲಿಲ್ಲ.

1869ರಲ್ಲಿ ಸರ್ ಸಯ್ಯಿದ್ ಅಹ್ಮದ್ ಖಾನ್ ತಮ್ಮ ಮಕ್ಕಳೊಂದಿಗೆ ಲಂಡನ್ನಿಗೆ ಹೋಗಿದ್ದಾಗ ಇಂಡಿಯಾ ಆಫೀಸಿನಲ್ಲಿ ಈ ಗ್ರಂಥವನ್ನು ಕಂಡರು. ಭಾರತಕ್ಕೆ ಅಧಿಕಾರಿಗಳಾಗಿ ಬರಲು ತಯಾರಾಗುತ್ತಿದ್ದ ಇಂಗ್ಲಿಷ್ ಯುವಕರು ಇಲ್ಲಿಯ ಜನರನ್ನು ಅರಿಯಲು ಅದನ್ನು ತಿರುವಿಹಾಕುತ್ತಿದ್ದರಂತೆ. ಪುಟಗಳನ್ನು ನೋಡುತ್ತಿದ್ದ ಅವರ ಮಗ ಸಯ್ಯಿದ್ ಮಹ್ಮೂದರನ್ನು ಅಂಥ ಒಬ್ಬ ಯುವಕ, ನೀವು ಹಿಂದೂಸ್ತಾನಿಯೋ ಎಂದು ಕೇಳಿದ. ಹೌದೆಂದು ಉತ್ತರಿಸಿದ ಮಹ್ಮೂದರ ಮುಖ ಕೆಂಪಾಯಿತು. ತಾನು ಇಲ್ಲಿಯ ಮೂಲನಿವಾಸಿಯಲ್ಲ, ತನ್ನ ಪೂರ್ವಿಕರು ಬೇರೆ ನಾಡಿನಿಂದ ಬಂದವರೆಂದು ಅವರು ಅವಸರವಾಗಿ ಸೇರಿಸಿದರು. ಊರಿಗೆ ಬರೆದ ಪತ್ರದಲ್ಲಿ ಸರ್ ಸಯ್ಯಿದರು ಈ ಘಟನೆಯನ್ನು ನೋವಿನಿಂದ ದಾಖಲಿಸಿದ್ದಾರೆ. ನನ್ನನ್ನು ಹೆಚ್ಚು ಕಾಡಿದ್ದು ಆ ಇಂಗ್ಲಿಷ್ ಯುವಕನ ಪ್ರಶ್ನೆಯಲ್ಲ, ಮಹ್ಮೂದರ ಉತ್ತರ. ಪರರ ಊಹೆಯಿಂದ ತಪ್ಪಿಸಿಕೊಳ್ಳಲು ಅವರು ಆ ಪುಟಗಳ ಬಡ ಮುಖಗಳನ್ನು ಆ ಊಹೆಯ ವಶಕ್ಕೇ ಬಿಟ್ಟುಕೊಟ್ಟರು. “ಆ ಚಿತ್ರದಲ್ಲಿರುವವರು ನೀವು ಬರೆದಂತಿಲ್ಲ” ಎಂಬ ಮಾತು ಅವರ ಬಾಯಿಗೆ ಬರಲಿಲ್ಲ. ಅವಮಾನದ ಆ ಗಳಿಗೆಯಲ್ಲಿ ನಮ್ಮ ಬಾಯಿಗಾದರೂ ಬರುತ್ತಿತ್ತೇ?

ಇವು ಕೆಟ್ಟ ಊಹೆಗಳು, ದ್ವೇಷ ಮತ್ತು ಅಧಿಕಾರದಿಂದ ಹುಟ್ಟಿದವು, ಕನಿಕರದಿಂದ ಹುಟ್ಟಿದ ಊಹೆಯಲ್ಲಿ ತಪ್ಪೇನಿದೆ ಎಂದು ಕೇಳಬಹುದು. ಪೇಶಾವರದ ಬಳಿಯ ನಾಸಿರ್ ಬಾಗ್ ನಿರಾಶ್ರಿತರ ಶಿಬಿರದಲ್ಲಿ 1984ರಲ್ಲಿ ಸ್ಟೀವ್ ಮೆಕ್‌ಕರಿ ಎಂಬ ಅಮೆರಿಕದ ಛಾಯಾಗ್ರಾಹಕ ಒಬ್ಬ ಅಫ್ಘಾನ್ ಬಾಲಕಿಯ ಚಿತ್ರ ತೆಗೆದ. 1985ರ ಜೂನ್ ತಿಂಗಳ ‘ನ್ಯಾಷನಲ್ ಜಿಯೋಗ್ರಾಫಿಕ್’ ಪತ್ರಿಕೆಯ ಮುಖಪುಟದಲ್ಲಿ ಅದು ಬಂತು. ಕೆಂಪು ಹೊದಿಕೆ, ಹಸಿರು ಕಣ್ಣು. ಜಗತ್ತಿನ ಕೋಟ್ಯಂತರ ಜನ ಆ ಕಣ್ಣುಗಳನ್ನು ನೋಡಿ ಕರಗಿದರು. ಆ ನೋಟದಲ್ಲಿ ಯುದ್ಧದ ಭೀತಿಯನ್ನು, ಅನಾಥ ಜೀವದ ಮೊರೆಯನ್ನು ಓದಿದರು. ಅವಳ ಹೆಸರು ಮಾತ್ರ ಹದಿನೇಳು ವರ್ಷ ಯಾರಿಗೂ ಗೊತ್ತಿರಲಿಲ್ಲ.

2002ರಲ್ಲಿ ಅವಳನ್ನು ಹುಡುಕಿ ತೆಗೆದರು. ಕಣ್ಣಿನ ಪಾಪೆಯ ವಿನ್ಯಾಸವನ್ನು ಹೋಲಿಸಿ ಅವಳೇ ಎಂದು ಖಚಿತಪಡಿಸಿದರು. ಹೆಸರು ಶರ್ಬತ್ ಗುಲಾ. ಮಕ್ಕಳ ತಾಯಿಯಾಗಿದ್ದ ಆಕೆ ಅದುವರೆಗೂ ಆ ಚಿತ್ರವನ್ನು ನೋಡಿಯೇ ಇರಲಿಲ್ಲ! ಆ ದಿನದ ಬಗ್ಗೆ ಆಕೆಗೆ ನೆನಪಿದ್ದದ್ದು ಸಿಟ್ಟು. ಪರಪುರುಷನೊಬ್ಬ ಬಂದು ತನ್ನ ಚಿತ್ರ ತೆಗೆದನೆಂಬ ಸಿಟ್ಟು. ಜಗತ್ತು ಭೀತಿಯೆಂದು ಓದಿದ್ದ ಆ ನೋಟದಲ್ಲಿ ಪರ್ದಾದ ಸಂಸ್ಕಾರದಲ್ಲಿ ಬೆಳೆದ ಒಬ್ಬ ಹುಡುಗಿಯ ಪ್ರತಿಭಟನೆಯೂ ಇತ್ತು. ಕಥೆ ಅಲ್ಲಿಗೂ ಮುಗಿಯಲಿಲ್ಲ. ಅವಳ ತಂದೆ ತಾಯಿ ಸೋವಿಯತ್ ಬಾಂಬಿಗೆ ಬಲಿಯಾದರೆಂದು ಆಗ ಪ್ರಕಟವಾದ ವರದಿ ಹೇಳಿತು. 2017ರಲ್ಲಿ ಬಿಬಿಸಿಗೆ ಆಕೆಯೇ ನೀಡಿದ ಸಂದರ್ಶನದಂತೆ, ತಾಯಿ ತೀರಿಕೊಂಡದ್ದು ಹಳ್ಳಿಯಲ್ಲಿ, ಅಪೆಂಡಿಸೈಟಿಸ್ ಕಾಯಿಲೆಯಿಂದ. ಆಕೆ ಪಾಕಿಸ್ತಾನಕ್ಕೆ ಬಂದದ್ದು ತಂದೆ ಮತ್ತು ಒಡಹುಟ್ಟಿದವರೊಂದಿಗೆ. ಜಗತ್ತಿನ ಅತ್ಯಂತ ಪ್ರಸಿದ್ಧ ಮುಖಗಳಲ್ಲೊಂದರ ವಿಷಯದಲ್ಲಿ, ಅವಳನ್ನು ಕಂಡು ಮಾತಾಡಿಸಿದ ಮೇಲೂ ಊಹೆಯ ಕಥೆ ನಿಜವನ್ನು ಹಿಂದಿಕ್ಕಿತ್ತು. ಇಷ್ಟು ಕನಿಕರ ಸುರಿದ ಜಗತ್ತಿನಲ್ಲಿ ಅದೇ ಮಹಿಳೆ 2016ರಲ್ಲಿ ನಕಲಿ ಗುರುತುಚೀಟಿಯ ಆರೋಪದ ಮೇಲೆ ಪೇಶಾವರದಲ್ಲಿ ಬಂಧಿತಳಾದಳು, ಆಮೇಲೆ ಅಫ್ಘಾನಿಸ್ತಾನಕ್ಕೆ ಕಳುಹಿಸಲ್ಪಟ್ಟಳು. 2021ರಲ್ಲಿ ಇಟಲಿ ಆಕೆಗೆ ಆಶ್ರಯ ನೀಡಿತು.

ಅಮೆರಿಕದಲ್ಲಿಯೂ ಇಂಥದೇ ಒಂದು ಚಿತ್ರವಿದೆ. 1936ರಲ್ಲಿ ಕ್ಯಾಲಿಫೋರ್ನಿಯಾದ ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ಡೊರೊತಿಯಾ ಲ್ಯಾಂಗ್ ಎಂಬ ಛಾಯಾಗ್ರಾಹಕಿ ತೆಗೆದದ್ದು. ಹೆಗಲಿಗೆ ಒರಗಿದ ಮಕ್ಕಳ ನಡುವೆ ದೂರ ನೋಡುತ್ತಿರುವ ತಾಯಿ. ಆಕೆಯ ಹೆಸರನ್ನಾಗಲಿ ಹಿನ್ನೆಲೆಯನ್ನಾಗಲಿ ತಾನು ಕೇಳಲಿಲ್ಲವೆಂದು ಲ್ಯಾಂಗ್ ಅನಂತರ ಬರೆದಿದ್ದಾರೆ. ಹೊಟ್ಟೆಗಾಗಿ ಕಾರಿನ ಟಯರುಗಳನ್ನೇ ಮಾರಿಕೊಂಡವಳೆಂಬ ಟಿಪ್ಪಣಿ ಚಿತ್ರದೊಂದಿಗೆ ಪ್ರಸಿದ್ಧವಾಯಿತು. 1978ರಲ್ಲಿ ಆ ತಾಯಿ, ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್, ಬೆಳಕಿಗೆ ಬಂದಾಗ ಟಯರಿನ ಕಥೆಯನ್ನು ಅವರ ಮನೆಯವರು ಅಲ್ಲಗಳೆದರು. ಬಿಳಿಯ ರೈತಾಪಿ ಹೆಂಗಸಿನ ಪ್ರತೀಕವೆಂದು ಎಲ್ಲರೂ ತಿಳಿದಿದ್ದ ಆಕೆ ಚೆರೋಕಿ ಎಂಬ ಮೂಲನಿವಾಸಿ ಬುಡಕಟ್ಟಿನವರಾಗಿದ್ದರು. ತನ್ನ ಚಿತ್ರವನ್ನು ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತೆಂದು ಆಕೆ ನೊಂದುಕೊಂಡಿದ್ದರು.

ದ್ವೇಷದ ಊಹೆಗೂ ಕನಿಕರದ ಊಹೆಗೂ ವ್ಯತ್ಯಾಸವಿಲ್ಲವೆಂದು ನಾನು ಹೇಳುತ್ತಿಲ್ಲ. ಖಂಡಿತ ಇದೆ. ಆದರೆ ಎರಡರಲ್ಲಿಯೂ ಆ ವ್ಯಕ್ತಿಯ ಪಾಲಿನ ಮಾತನ್ನು ನಾವೇ ಆಡಿ ಮುಗಿಸುತ್ತೇವೆ. “ಇರಬಹುದು” ಎಂದು ಆರಂಭವಾದದ್ದು ಮೂರನೆಯ ಬಾಯಿಗೆ ಹೋಗುವಷ್ಟರಲ್ಲಿ “ಆಗಿತ್ತು” ಎಂದಾಗುತ್ತದೆ. ಇಂದು ಮೊಬೈಲುಗಳಲ್ಲಿ ಹಳೆಯ ಯಾವುದೋ ಚಿತ್ರ ಹೊಸ ಯಾವುದೋ ವಿವರಣೆಯನ್ನು ಹೊತ್ತು ಊರೂರು ಸುತ್ತುವುದನ್ನು ನಾವೆಲ್ಲ ನೋಡುತ್ತಿದ್ದೇವೆ. ಅದರ ಬಗ್ಗೆ ಬೇಕಾದಷ್ಟು ಬರೆಯಲಾಗಿದೆ.

ಗುಮಾನಿಯ ಬಗ್ಗೆ ಪವಿತ್ರ ಕುರ್‌ಆನ್ ಅಲ್ ಹುಜುರಾತ್ ಅಧ್ಯಾಯದಲ್ಲಿ (49:12) ನೀಡಿದ ಎಚ್ಚರಿಕೆಯನ್ನು ನಾವೆಲ್ಲ ಅನೇಕ ಪ್ರವಚನಗಳಲ್ಲಿ ಕೇಳಿದ್ದೇವೆ. ಗುಮಾನಿಗಳಲ್ಲಿ ಹೆಚ್ಚಿನದರಿಂದ ದೂರವಿರಬೇಕು, ಏಕೆಂದರೆ ಅವುಗಳಲ್ಲಿ ಕೆಲವು ಪಾಪವಾಗಿವೆ ಎಂಬುದು ಅದರ ಸಾರ. ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಪಾಪವಾದದ್ದು ಕೆಲವೇ ಆದರೂ ದೂರವಿರಬೇಕಾದದ್ದು ಹೆಚ್ಚಿನದರಿಂದ. ಯಾವುದು ಆ ‘ಕೆಲವು’ ಎಂಬುದು ಊಹಿಸುವ ಹೊತ್ತಿನಲ್ಲಿ ಊಹಿಸುವವನಿಗೆ ತಿಳಿಯುವುದಿಲ್ಲವಲ್ಲ! ಅದೇ ವಚನದಲ್ಲಿ ಗುಮಾನಿಯ ಬೆನ್ನಿಗೇ ಗುಟ್ಟು ಕೆದಕುವುದನ್ನೂ ಅದರ ಬೆನ್ನಿಗೆ ಪರದೂಷಣೆಯನ್ನೂ ನಿಷೇಧಿಸಲಾಗಿದೆ. ನಮ್ಮ ಮನೆಯಲ್ಲಿ ಆ ಚೌಕಟ್ಟು ಬಿಚ್ಚಿಕೊಂಡ ಮೇಲೆ ನಡೆದದ್ದೂ ಇದೇ ಕ್ರಮದಲ್ಲಿ.

ಬನೂ ಮುಸ್ತಲಿಕ್ ದಂಡಯಾತ್ರೆಯಿಂದ ಮರಳುವಾಗ ಏನಾಯಿತೆಂಬುದನ್ನು ನೆನೆಯಿರಿ. ಹಝ್ರತ್ ಆಇಶಾ(ರ) ಕಳೆದುಹೋದ ಕಂಠಹಾರವನ್ನು ಹುಡುಕುತ್ತಾ ಹಿಂದುಳಿದರು. ಅವರು ಒಳಗಿದ್ದಾರೆಂದೇ ತಿಳಿದು ಪಲ್ಲಕ್ಕಿಯನ್ನು ಒಂಟೆಯ ಮೇಲೇರಿಸಿ ದಂಡು ಹೊರಟುಹೋಗಿತ್ತು. ಹಿಂದಿನಿಂದ ಬರುತ್ತಿದ್ದ ಸಫ್ವಾನ್(ರ) ಅವರನ್ನು ಗುರುತಿಸಿ ತಮ್ಮ ಒಂಟೆಯ ಮೇಲೆ ಕೂರಿಸಿ, ತಾವು ಹಗ್ಗ ಹಿಡಿದು ನಡೆದು, ನಡುಹಗಲಲ್ಲಿ ದಂಡನ್ನು ಸೇರಿದರು. ಜನರ ಕಣ್ಣಿಗೆ ಬಿದ್ದದ್ದು ಒಂದು ದೃಶ್ಯ ಮಾತ್ರ. ಒಂಟೆಯ ಮೇಲೆ ಒಬ್ಬ ಮಹಿಳೆ, ಮುಂದೆ ಒಬ್ಬ ಪುರುಷ. ಒಂದು ಭಾವಚಿತ್ರದಲ್ಲಿ ಇರುವಷ್ಟೇ. ಅದರ ಹಿಂದಿನ ಕಥೆಯನ್ನು ಕಪಟಿಗಳು ಕಟ್ಟಿದರು, ಕೆಲವು ಒಳ್ಳೆಯವರೂ ಅದನ್ನು ನಾಲಗೆಯ ಮೇಲೆ ಹೊರಳಿಸಿದರು. ಮದೀನಾಕ್ಕೆ ಮರಳಿ ಕಾಯಿಲೆ ಮಲಗಿದ್ದ ಆಇಶಾ(ರ)ರಿಗೆ ತಿಂಗಳ ಕಾಲ ಈ ಮಾತಿನ ಸುಳಿವೇ ಇರಲಿಲ್ಲ. ಊರಿಗೆಲ್ಲ ತಿಳಿದದ್ದು ಅವರಿಗೆ ಮಾತ್ರ ತಿಳಿದಿರಲಿಲ್ಲ. ಅವರ ನಿರಪರಾಧಿತ್ವವನ್ನು ಸಾರುತ್ತಾ ಅವತೀರ್ಣವಾದ ಅನ್ನೂರ್ ಅಧ್ಯಾಯದ ವಚನಗಳು ಕಥೆ ಕಟ್ಟಿದವರನ್ನಷ್ಟೇ ತರಾಟೆಗೆ ತೆಗೆದುಕೊಳ್ಳಲಿಲ್ಲ. ಕೇಳಿದವರು ತಮ್ಮವರ ಬಗ್ಗೆ ಒಳ್ಳೆಯದನ್ನೇ ಏಕೆ ಭಾವಿಸಲಿಲ್ಲವೆಂದು ಪ್ರಶ್ನಿಸಿದವು. ತಿಳಿವಳಿಕೆಯಿಲ್ಲದ ವಿಷಯವನ್ನು ಬಾಯಿಂದ ಬಾಯಿಗೆ ದಾಟಿಸಿದವರು ಅದನ್ನು ಹಗುರವೆಂದು ಬಗೆದಿದ್ದರು, ಅಲ್ಲಾಹನ ಬಳಿ ಅದು ಗುರುತರವಾಗಿತ್ತು ಎಂದೂ ಅಲ್ಲಿ ಹೇಳಲಾಗಿದೆ (24:15). ‘ಹಗುರ’ ಎಂಬ ಆ ಮಾತು ನನ್ನನ್ನು ಚುಚ್ಚುತ್ತದೆ. ಮೂಗಿನ ಹೋಲಿಕೆಯ ಮಾತನ್ನು ಆಡಿದಾಗ ನನಗೂ ಅದು ಹಗುರವಾಗಿಯೇ ಇತ್ತು.

ಇನ್ನೊಂದು ಮಾತು. ಇನ್ನೊಬ್ಬನ ಮಾನಕ್ಕೆ ಹಾನಿ ಮಾಡಿದವನು, ದೀನಾರ್ ದಿರ್‌ಹಮ್‌ಗಳು ನಡೆಯದ ಆ ದಿನ ಬರುವ ಮೊದಲು, ಇಲ್ಲಿಯೇ ಅವನಿಂದ ಕ್ಷಮೆ ಪಡೆದುಕೊಳ್ಳಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ನೆರೆಯವನ ಬಗ್ಗೆ ಸುಳ್ಳಾಡಿದರೆ ಅವನ ಬಾಗಿಲು ತಟ್ಟಬಹುದು. ಹೆಸರೇ ತಿಳಿಯದ, ಊರೇ ತಿಳಿಯದ ಮುಖದ ಮುಂದೆ ಹೇಗೆ ನಿಲ್ಲುವುದು? ಬದುಕಿದ್ದಾಳೋ ಇಲ್ಲವೋ ತಿಳಿಯದ ಒಬ್ಬ ತರುಣಿಯನ್ನು ನಾವು ಪರಪುರುಷನ ಗುಟ್ಟಿನ ಸಂಸಾರದಲ್ಲಿ ಕೂರಿಸಿದೆವು. ಅವಳ ಮಗುವಿನಿಂದ ಅದರ ತಂದೆಯನ್ನು ಕಸಿದುಕೊಂಡೆವು. ಆ ಋಣವನ್ನು ತೀರಿಸಲು ನಮ್ಮಲ್ಲಿ ವಿಳಾಸವಿಲ್ಲ. ಅಪರಿಚಿತರ ಬಗ್ಗೆ ಊಹಿಸುವುದು ನಿರಪಾಯವೆಂದು ನಾವು ತಿಳಿಯುವುದು ಅವರು ಯಾರೆಂದು ಗೊತ್ತಿಲ್ಲದ ಕಾರಣಕ್ಕೆ. ನನಗನಿಸುವಂತೆ ಅದು ಅಪಾಯಕಾರಿಯಾಗುವುದೂ ಅದೇ ಕಾರಣಕ್ಕೆ.

ಹಾಗಾದರೆ ಹಳೆಯ ಚಿತ್ರಗಳನ್ನು ಕಂಡು ಯೋಚಿಸುವುದೇ ತಪ್ಪೇ? ಇತಿಹಾಸಕಾರರು ಕೈಕಟ್ಟಿ ಕೂರಬೇಕೇ? ಖಂಡಿತ ಇಲ್ಲ. ಕಾಗದದ ಬಗೆ, ಸ್ಟುಡಿಯೋದ ಮುದ್ರೆ, ಉಡುಪಿನ ಹೊಲಿಗೆ, ಹಿಂಬದಿಯ ಬರವಣಿಗೆ ಇವನ್ನೆಲ್ಲ ಪರಿಶೀಲಿಸಿ ಕಾಲವನ್ನೂ ಊರನ್ನೂ ಹೇಳಬಲ್ಲವರಿದ್ದಾರೆ. ಅದು ವಿಚಾರಣೆ, ಗುಮಾನಿಯಲ್ಲ. ವಿಚಾರಣೆ ಮಾಡುವವನು ತನಗೆ ತಿಳಿಯದ ಜಾಗ ಬಂದಾಗ ನಿಲ್ಲುತ್ತಾನೆ. ಹದೀಸ್ ವಿದ್ವಾಂಸರು ಸಾವಿರಾರು ವರದಿಗಾರರ ಬದುಕನ್ನು ಜರಡಿ ಹಿಡಿದವರು. ಯಾರು ಎಲ್ಲಿ ಹುಟ್ಟಿದರು, ಯಾರಿಂದ ಕೇಳಿದರು, ಅವರ ನೆನಪು ಹೇಗಿತ್ತು, ನಡತೆ ಹೇಗಿತ್ತು ಎಂದೆಲ್ಲ ಕೇಳಿದವರು. ಆದರೆ ಒಬ್ಬ ವರದಿಗಾರನ ಬಗ್ಗೆ ಏನೂ ತಿಳಿಯದಿದ್ದಾಗ ಅವರು ಅವನ ಹೆಸರಿನ ಮುಂದೆ ‘ಮಜ್‌ಹೂಲ್’ ಎಂದು ಬರೆದರು. ಅಂದರೆ, ಅರಿಯಲ್ಪಡದವನು. ಅವನನ್ನು ಸುಳ್ಳನೆಂದು ಕರೆಯಲಿಲ್ಲ, ಸತ್ಯವಂತನೆಂದು ಹೊಗಳಲೂ ಇಲ್ಲ. ಅವನ ವರದಿಯನ್ನು ಆಧಾರವಾಗಿ ಸ್ವೀಕರಿಸಲು ಹಿಂಜರಿದರು, ಆದರೆ ಅವನ ಖಾಲಿ ಜಾಗವನ್ನು ತಮ್ಮ ಕಲ್ಪನೆಯಿಂದ ತುಂಬಲಿಲ್ಲ. ಅಷ್ಟು ಓದಿದವರಿಗೆ “ತಿಳಿಯದು” ಎಂದು ಬರೆಯಲು ಸಂಕೋಚವಿರಲಿಲ್ಲ. ನಮಗೆ, ಒಂದು ಫೋಟೋ ಕೈಗೆ ಸಿಕ್ಕರೆ ಸಾಕು, ಐದು ನಿಮಿಷ ಸುಮ್ಮನಿರಲು ಆಗುವುದಿಲ್ಲ.

ದೊಡ್ಡಮ್ಮನ ವಿಷಯಕ್ಕೆ ಮರಳುತ್ತೇನೆ. 1990ರಲ್ಲಿ ಅವರು ಹಾಸಿಗೆ ಹಿಡಿದಿದ್ದರು. ಮಗಳಿಗೆ ಬೇರೆ ಕಡೆ ಮದುವೆಯಾಗಿ ಅವಳು ಗಂಡನೊಂದಿಗೆ ದೂರದ ಊರಿನಲ್ಲಿದ್ದಳು. ಒಂದು ಸಂಜೆ ನಾನು ಹತ್ತಿರ ಕುಳಿತಿದ್ದಾಗ ಅವರು ಗೋಡೆಯ ಮೇಲಿನ ಕಅಬಾದ ಚಿತ್ರವನ್ನು ನೋಡುತ್ತಾ ಕೇಳಿದರು, “ಅದರ ಹಿಂದೆ ಒಂದು ಫೋಟೋ ಇತ್ತಲ್ಲ, ಒಂದು ತಾಯಿ ಮಗು. ಗಾಜು ಒಡೆದಾಗ ಎಸೆದುಬಿಟ್ಟಿರಾ?”

ನನ್ನ ಬಾಯಿ ಒಣಗಿತು. ಅವರಿಗೆ ಅದು ಹೇಗೆ ಗೊತ್ತೆಂದು ಕೇಳಿದೆ.

ಗೊತ್ತಿರದೆ ಏನು, ಎಂದರು. ಆ ಚೌಕಟ್ಟನ್ನು ದೊಡ್ಡಪ್ಪ ಚೋರ್ ಬಜಾರ್‌ನಿಂದ ಅಗ್ಗಕ್ಕೆ ಕೊಂಡು ತಂದದ್ದಂತೆ. ಅದರಲ್ಲಿ ಮೊದಲೇ ಆ ಚಿತ್ರವಿತ್ತಂತೆ. ಕಅಬಾದ ಚಿತ್ರವನ್ನು ಕೂರಿಸುವಾಗ ಅದನ್ನು ತೆಗೆದು ಒಲೆಗೆ ಹಾಕಲು ದೊಡ್ಡಪ್ಪ ಹೊರಟಾಗ ತಡೆದವರು ದೊಡ್ಡಮ್ಮನೇ. “ಯಾರದೋ ಮನೆಯ ಹೆಣ್ಣು ಮಗು, ಬೆಂಕಿಗೆ ಹೇಗೆ ಹಾಕುವುದು ಎಂದೆ. ಹಿಂದೆಯೇ ಇರಲಿ ಬಿಡು ಎಂದು ಅವರೇ ಮಡಚದೆ ಒಳಗಿಟ್ಟರು. ಹೊಸ ಗಾಜು ಹಾಕಿಸಿದ ಮೇಲೆ ಒಮ್ಮೆ ಧೂಳು ಒರೆಸುವಾಗ ನೋಡಿದೆ, ಇರಲಿಲ್ಲ. ಕೇಳೋಣವೆಂದುಕೊಂಡೆ, ಮರೆತೆ.”

ಹನ್ನೊಂದು ವರ್ಷ ನಾವು ಅವರ ಮುಂದೆ ಆ ಮಾತು ಬಾರದಂತೆ ಎಚ್ಚರದಿಂದ ನಡೆದುಕೊಂಡಿದ್ದೆವು. ಕೇಳಲು ಒಂದು ನಿಮಿಷ ಸಾಕಾಗುತ್ತಿತ್ತು.

ಎಸೆದಿಲ್ಲ, ನಮ್ಮ ಮನೆಯಲ್ಲಿದೆ, ಎಂದೆ. “ನಿಮ್ಮಲ್ಲಿ ಏಕೆ?” ಎಂದು ಅವರು ಕೇಳಿದರು. ಆ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಮರುದಿನ ಫೋಟೋವನ್ನು ತಂದು ಅವರ ಕೈಗೆ ಕೊಟ್ಟೆ. ಅವರು ಅದನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, “ಈ ಮಗು ಈಗ ದೊಡ್ಡವಳಾಗಿರಬೇಕು” ಎಂದರು. ಚೌಕಟ್ಟನ್ನು ಇಳಿಸಿ ಹಿಂದಿನ ಮೊಳೆಗಳನ್ನು ಬಿಚ್ಚಿ ಅದನ್ನು ಮೊದಲಿದ್ದ ಜಾಗದಲ್ಲಿಯೇ ಇಡಲು ನನಗೆ ಹೇಳಿದರು. ಮೊಳೆಗಳು ತುಕ್ಕು ಹಿಡಿದಿದ್ದವು. ಬಿಚ್ಚಲು ಸ್ವಲ್ಪ ಹೊತ್ತು ಹಿಡಿಯಿತು.